ಒತ್ತಿಗೆ ರೊಕ್ಕ ಇಲ್ಲ

ಒಂಬತ್ತಕ್ಕ ಐದು ಮಿನಿಟು ಕಮ್ಮಿ.
ಶಟರ್ ಸೊಂಟದ ಮಟ ಇಳಿಸಿದ್ದೆ.
ಹೊರಗಿನ ಕೊಡ, ಬಕೆಟ್ಟು, ಹಂಡೆ
ಒಂದರಾಗೊಂದು ಕೂಡಿಸಿ ಒಳಗ ತಂದಿದ್ದೆ.
ಶೇಟಜಿ ಎಣಿಸಿದ ನೋಟಿಗೆ ರಬ್ಬರ್ ಹಾಕಿ
ಸ್ಕೂಟರಿನ ಕಿವಿ ಹಿಂಡತಿದ್ದ.
ಜತ್ತದ ಪ್ಯಾಟ್ಯಾಗ ಆ ಹೊತ್ತಿಗೆ
ನಾಯಿಗೂ ಗೊತ್ತಿರತೈತಿ, ದಿನಾ ಮುಗೀತಂತ.

ಶಟರ್ ಕೆಳಗಿಂದ ಮೊದಲು ಚೀಲ ಬಂತು,
ಆಮ್ಯಾಲ ಬಾಗಿದ ತಲಿ,
ಆಮ್ಯಾಲ ಉಳಿದಾಕಿ.
"ಹನ್ನೊಂದು ತಾಟು ಬೇಕ್ರಿ.
ಹೆಸರು ಕೆತ್ತಿ ಕೊಡಬೇಕು. ಈಗಽ."

ಮುಂಜಾನಿ ಹತ್ತರಿಂದ ನಿಂತ ಕಾಲು
ಅಕೀನ್ನ ಮೊದಲು ನೋಡಿದ್ವು, ಕಣ್ಣು ಆಮ್ಯಾಲ.
"ನಾಳೆ ಬರ್ರಿ" ತುಟೀಗೆ ಬಂದಿತ್ತು.
ಹೊರಗಿಂದ ಶೇಟಜಿ:
"ಚಿದ್ಯಾ, ಬಂದ ಲಕ್ಷ್ಮೀನ್ನ ತಿರುಗಿ ಕಳಸಬ್ಯಾಡ,
ಕೀಲಿ ಮನೀಗೆ ತಂದು ಕೊಡು."
ಲಕ್ಷ್ಮಿ ಅವನ ಗಲ್ಲಾದಾಗ, ಕೀಲಿ ನನ್ನ ಕಿಸೇದಾಗ.
ಸ್ಕೂಟರು ಹೋತು.

ಅಕಿ ಒಂದೊಂದು ತಾಟೂ ಬಡದು ನೋಡಿದ್ಲು,
ಕಿವಿಗೆ ಹಚ್ಚಿ, ಮಡಿಕಿ ಕೊಳ್ಳವರಂಗ.
ಇದು ತೆಳಗ ಆತು, ಇದಕ್ಕ ಅಂಚು ಚುಚ್ಚತೈತಿ.
ದೊಡ್ಡ ಮುಳ್ಳು ಹನ್ನೆರಡು ದಾಟಿ ಹೊಂಟಿತ್ತು.
"ಅಕ್ಷರಕ್ಕ ಎಷ್ಟ್ರಿ?"
"ಎರಡು ರೂಪಾಯಿ."
"ಒತ್ತಕ್ಷರ ಬಂದ್ರ?"
"ಒತ್ತಿಗೆ ರೊಕ್ಕ ಇಲ್ಲ."

"ನಮ್ಮವ್ವನ ಹೆಸರ್ರಿ, ಮಲ್ಲವ್ವ.
ಊರ ಕನ್ನಡ ಸಾಲ್ಯಾಗ ಇಪ್ಪತ್ತೆರಡು ವರ್ಷ
ಹುಡುಗೂರಿಗೆ ಖಿಚಡಿ ಬೇಯಿಸಿದಾಕಿ.
ನಾಳೆ ವರ್ಷಾ ತುಂಬತೈತಿ, ಸಾಲೀಗೆ ತಾಟು ಕೊಡವ್ರು.
ಕನ್ನಡದಾಗಽ ಹಾಕ್ರಿ, ಅವು ಓದ್ಲಿ.
ನನಗ ಬರೂದಿಲ್ಲ.
ಮಿರಜದಾಗ ಮಾವನ ಮನ್ಯಾಗ ಬೆಳದೆ, ಮರಾಠಿ ಸಾಲಿ."

ನನ್ನ ಕೈಗೂ ಮರಾಠೀನಽ ರೂಢಿ.
ಸಪ್ರೇಮ ಭೇಟ, ಕೆಳಗ ತಾರೀಖು,
ನಿದ್ದಿಗಣ್ಣಾಗೂ ಬರದೇನು.
ಕನ್ನಡ ಕೆತ್ತಿ ಎಷ್ಟು ದಿನಾ ಆಗಿತ್ತೋ.
ಮಷೀನು ಗುಂಯ್ ಅಂತು.
ಮ ದ ಹೊಟ್ಟಿ ಸುತ್ತಿ, ಲ ದ ಕೊಂಡಿ ಎಳದು,
ಕೆಳಗಿಳದು ಒತ್ತು.
ಒಂದು. ಎರಡು. ಐದು.
ಎಂಟನೇದಕ್ಕ ಸಂಖದ ಕಡೀ ಬಸ್ಸು ಹಾರ್ನ್ ಹೊಡೀತು.
"ಲಗೂ ಮಾಡ್ರಿ" ಅಂದ್ಲು.
ನನಗ!
ಬಾಗಲಾ ಹಾಕೂ ಹೊತ್ತಿಗೆ ಬಂದಾಕಿ ನನಗ ಲಗೂ ಅಂದ್ಲು!
ಸಿಟ್ಟು ಮೊಣಕೈಯಿಂದ ಬೆರಳಿಗೆ ಇಳೀತು.
ಅರವತ್ತಾರಕ್ಕ ಅರವತ್ತು ಕೊಟ್ಟು
ಬಸ್ಸಿನ ಹಿಂದ ಓಡಿದ್ಲು,
ಚೀಲದಾಗ ಹನ್ನೊಂದು ತಾಟು ಗಲಗಲ ಅಂದ್ವು.

ಸೈಕಲ್ ಮ್ಯಾಲ ಅರ್ಧಾ ಹಾದಿಗೆ
ಬೆರಳು ನೆನಸ್ಕೋತು:
ಕಡೀ ತಾಟಿನಾಗ ಕೆಳಗ ಇಳದೇ ಇಲ್ಲ.
ವ ಕ್ಕ ಒತ್ತು ಕೊಟ್ಟೇನಿ, ಲ ಕ್ಕ ಇಲ್ಲ.
ಆ ಒಂದು ಒತ್ತು ಬಿಟ್ಟರ ಆ ಹೆಸರು ಏನಾಗತೈತೋ
ನನ್ನ ಬಾಯಿಲೆ ಬರೂದಿಲ್ಲ.
ಎರಡನೇತ್ತೆ ಹುಡುಗೂರ ಬಾಯಿಲೆ ಬರತೈತಿ,
ಕೂಡಿಸಿ ಕೂಡಿಸಿ, ಗಟ್ಟಿಯಾಗಿ, ಉಣ್ಣಾಕ ಕೂತಾಗ.
ಉಳಿಸಿದ್ದೆಷ್ಟು ಹೊತ್ತು?
ಒಂದು ಉಗುಳು ನುಂಗುವಷ್ಟು.

ಆಮ್ಯಾಲ ಒಂದಿಷ್ಟು ದಿನಾ
ಒಂಬತ್ತೂ ಹತ್ತರ ಮಟ ಶಟರ್ ಇಳಿಸಲಿಲ್ಲ.
ಲೈಟ್ ಬಿಲ್ಲು ನಿಮ್ಮಪ್ಪ ಕಟ್ಟತಾನೇನು, ಅಂದ ಶೇಟಜಿ.
ಮತ್ತ ಮೊದಲಿನಂಗ ಇಳಿಸೂದು ಸುರು ಆತು.
ಮರತೂ ಬಿಟ್ಟಿದ್ದೆ ಅನ್ರಿ.

ಬುಧವಾರ. ಒಂಬತ್ತಕ್ಕ ಎರಡೇ ಮಿನಿಟು.
ಶಟರ್ ಕೆಳಗಿಂದ ಈ ಸಲ ಮೊದಲು ತಾಟು ಬಂತು,
ತಾಟಿನ ಹೆಸರಿನ ಮ್ಯಾಲ ಒಂದು ಹೆಬ್ಬಟ್ಟು.
"ಹೊತ್ತಾತೇನ್ರಿ?" ಅಂದ್ಲು.
ಯಾರು ಓದಿ ಹೇಳಿದ್ರಂತ ನಾ ಕೇಳಲಿಲ್ಲ.
ಪ್ಲಗ್ ಹಾಕಿದೆ.
ಅಕಿ ಹೆಬ್ಬಟ್ಟು ಸರಿಸಿದ್ಲು,
ಒಂದು ಒತ್ತಿಗೆ ಬೇಕಾದಷ್ಟಽ.

ಕೆಲಸ ಆದ ಮ್ಯಾಲೆ ಸೆರಗಿನ ಗಂಟು ಬಿಚ್ಚಿ
ಕೌಂಟರಿನ ಮ್ಯಾಲ ಆರು ರೂಪಾಯಿ ಇಟ್ಲು.
"ಒತ್ತಿಗೆ..." ಅಂದೆ.
"ಅದಕ್ಕಲ್ರಿ.
ಅವತ್ತು ಒಂದು ಹೆಸರಿಂದು ಕಮ್ಮಿ ಕೊಟ್ಟಿದ್ನೆಲ್ಲ," ಅಂದ್ಲು.